ಪುಟ್ಟ ವಿಮಾನಕ್ಕೆ ಯಾವ ಬಣ್ಣ?

ಮಾದರಿ ಕಿಟ್‌ಗಳ ಅಕ್ರಿಲಿಕ್ ಬಣ್ಣಗಳು: ಆಯ್ಕೆ, ಬಳಕೆ ಮತ್ತು ಮನೆಮಂದಿಯ ಆರೋಗ್ಯ

ಮಹಾನಗರದಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳ ಮಕ್ಕಳಿಗೆ ಊರಿನ ಅಂಗಳವಿಲ್ಲ, ಹಿತ್ತಿಲಿಲ್ಲ, ಕೆರೆಯ ದಂಡೆಯೂ ಇಲ್ಲ. ಅವರ ಬಿಡುವಿನ ವೇಳೆಯು ಬಹುಮಟ್ಟಿಗೆ ನಾಲ್ಕು ಗೋಡೆಗಳ ನಡುವೆಯೇ ಕಳೆದುಹೋಗುತ್ತದೆ. ಆದಕಾರಣ ಕೈಗೆ ಕೆಲಸವನ್ನೂ ಮನಸ್ಸಿಗೆ ಏಕಾಗ್ರತೆಯನ್ನೂ ಕೊಡುವ ಹವ್ಯಾಸವೊಂದು ಮನೆಯೊಳಗೆ ಬಂದಾಗ ತಂದೆತಾಯಿಗಳು ಸಂತೋಷಪಡುವುದು ಸಹಜ. ವಿಮಾನ, ಹಡಗು, ಮೋಟಾರು, ರೈಲು ಮುಂತಾದವುಗಳ ಪ್ಲಾಸ್ಟಿಕ್ ಬಿಡಿಭಾಗಗಳನ್ನು ಜೋಡಿಸಿ, ಬಣ್ಣ ಬಳಿದು, ನಿಜವಾದ ವಸ್ತುವಿನ ಪುಟ್ಟ ಪ್ರತಿರೂಪವನ್ನು ನಿರ್ಮಿಸುವ ಮಾದರಿ ಕಿಟ್‌ಗಳು ಇಂತಹ ಹವ್ಯಾಸಗಳಲ್ಲಿ ಮುಖ್ಯವಾದುವು. ನಿವೃತ್ತರಿಗೂ, ನಡುವಯಸ್ಸಿನ ನೌಕರರಿಗೂ ಇವು ಪ್ರಿಯವಾಗಿವೆ.

ಆದರೆ ಕಿಟ್‌ನ ಜೊತೆಯಲ್ಲಿ ಬಣ್ಣವೂ ಮನೆಯೊಳಗೆ ಬರುತ್ತದೆ. ಒಂದು ಕೋಣೆ ಮತ್ತು ಅಡುಗೆಮನೆಯಷ್ಟೇ ಇರುವ ವಾಸಸ್ಥಾನದಲ್ಲಿ, ಮಗುವು ಮಲಗುವ ಜಾಗದಿಂದ ನಾಲ್ಕಡಿ ದೂರದಲ್ಲಿ, ಆ ಬಣ್ಣವು ಆರುತ್ತದೆ. ಅದರಿಂದ ಹೊರಟ ಆವಿಯನ್ನು ಮನೆಮಂದಿಯೆಲ್ಲರೂ ಉಸಿರಾಡುತ್ತಾರೆ. ಬಂಗಲೆಯಲ್ಲಿ ಇರುವವರು ಗ್ಯಾರೇಜಿಗೆ ಹೋಗಿ ಮಾಡುವ ಕೆಲಸವನ್ನು ನಾವು ಊಟದ ಮೇಜಿನ ಮೇಲೆಯೇ ಮಾಡಬೇಕಾಗಿದೆ. ಹೀಗಿರುವಾಗ ಯಾವ ಬಣ್ಣವನ್ನು ಕೊಳ್ಳಬೇಕು ಎಂಬ ಪ್ರಶ್ನೆಯು ಅಂದಚೆಂದದ ಪ್ರಶ್ನೆಯಾಗಿರುವಷ್ಟೇ ಆರೋಗ್ಯದ ಪ್ರಶ್ನೆಯೂ ಆಗಿದೆ.

ಈ ಲೇಖಕನು ವೈದ್ಯನೂ ಅಲ್ಲ, ರಸಾಯನಶಾಸ್ತ್ರಜ್ಞನೂ ಅಲ್ಲ. ವಾಣಿಜ್ಯಶಾಸ್ತ್ರದ ಪದವಿ ಪಡೆದು ಬ್ಯಾಂಕಿನಲ್ಲಿ ಅಧಿಕಾರಿಯಾಗಿರುವವನು. ಹಲವು ವರ್ಷಗಳಿಂದ ಈ ಹವ್ಯಾಸವನ್ನು ಬೆಳೆಸಿಕೊಂಡು ಬಂದವನು. ಸಹಿ ಹಾಕುವ ಮುನ್ನ ಕಾಗದವನ್ನು ಕೊನೆಯ ಸಾಲಿನವರೆಗೆ ಓದಬೇಕೆಂಬ ವೃತ್ತಿಯ ಅಭ್ಯಾಸವು ಬಣ್ಣದ ಬಾಟಲಿಗಳ ಮೇಲಿನ ಸಣ್ಣ ಅಕ್ಷರಗಳನ್ನೂ ಓದಿಸಿದೆ. ಹಾಗೆ ತಿಳಿದುಬಂದ ವಿಷಯಗಳನ್ನು ವಾಚಕರ ಮುಂದಿಡುವುದು ಈ ಬರಹದ ಉದ್ದೇಶ.

ಅಳತೆ ಮತ್ತು ಮಾದರಿ

ಕಿಟ್‌ನ ಪೆಟ್ಟಿಗೆಯ ಮೇಲೆ 1/72, 1/48, 1/35 ಮುಂತಾದ ಭಿನ್ನರಾಶಿಗಳು ಇರುತ್ತವೆ. 1/72 ಎಂದರೆ ನಿಜವಾದ ವಸ್ತುವಿನ ಎಪ್ಪತ್ತೆರಡರಲ್ಲಿ ಒಂದು ಪಾಲು. ಆರು ಅಡಿ ಎತ್ತರದ ಮನುಷ್ಯನು ಈ ಅಳತೆಯಲ್ಲಿ ಸರಿಯಾಗಿ ಒಂದು ಅಂಗುಲವಾಗುತ್ತಾನೆ. ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ನಿರ್ಮಿತವಾಗಿ 1961ರ ಜೂನ್ 17ರಂದು ಮೊದಲ ಬಾರಿಗೆ ಹಾರಿದ ‘ಮಾರುತ್’ ಯುದ್ಧವಿಮಾನದ ಉದ್ದ ಸುಮಾರು 15.9 ಮೀಟರ್. ಇದೇ ಅಳತೆಯಲ್ಲಿ ಅದು 22 ಸೆಂಟಿಮೀಟರಿಗೆ ಇಳಿದು, ಮೇಜಿನ ಮೇಲೆ ಕುಳಿತುಕೊಳ್ಳುತ್ತದೆ.

ಇಂಗ್ಲೆಂಡಿನ ಏರ್‌ಫಿಕ್ಸ್ ಸಂಸ್ಥೆಯು 1950ರ ದಶಕದಲ್ಲಿ ಸ್ಪಿಟ್‌ಫೈರ್ ವಿಮಾನದ ಕಿಟ್ಟನ್ನು ಹೊರತಂದಿತು. ಜಪಾನಿನ ಟಮಿಯಾ ಸಂಸ್ಥೆಯ ಮೊದಲ ಪ್ಲಾಸ್ಟಿಕ್ ಕಿಟ್ 1960ರಲ್ಲಿ ಬಂದಿತು. ಅಂದಿನಿಂದ ಇಂದಿನವರೆಗೆ ಈ ಬಿಡಿಭಾಗಗಳು ಬಹುತೇಕ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನಿಂದಲೇ ತಯಾರಾಗುತ್ತಿವೆ. ಈ ಪ್ಲಾಸ್ಟಿಕ್ ತಾನಾಗಿ ಬಣ್ಣವನ್ನು ಹೀರಿಕೊಳ್ಳುವುದಿಲ್ಲ. ತೀಕ್ಷ್ಣವಾದ ದ್ರಾವಕಗಳು ತಗುಲಿದರೆ ಕರಗುತ್ತದೆ. ಬಣ್ಣದ ಆಯ್ಕೆಯಲ್ಲಿ ಇವೆರಡನ್ನೂ ನೆನಪಿಡಬೇಕು.

ಬಣ್ಣದ ಮೂರು ಅಂಗಗಳು

ಯಾವ ಬಣ್ಣವನ್ನೇ ತೆಗೆದುಕೊಳ್ಳಿ, ಅದರಲ್ಲಿ ಮೂರು ಮುಖ್ಯ ಅಂಗಗಳಿರುತ್ತವೆ. ಮೊದಲನೆಯದು ವರ್ಣದ್ರವ್ಯ, ಅಂದರೆ ಬಣ್ಣವನ್ನು ಕೊಡುವ ನುಣ್ಣನೆಯ ಪುಡಿ. ಎರಡನೆಯದು ಆ ಪುಡಿಯನ್ನು ಒಂದಕ್ಕೊಂದು ಕೂಡಿಸಿ ಮೇಲ್ಮೈಗೆ ಹಿಡಿದಿಡುವ ಬಂಧಕ. ಮೂರನೆಯದು ಇವೆರಡನ್ನೂ ಹರಿಯುವಂತೆ ಮಾಡಿ, ಬಳಿದ ನಂತರ ಆವಿಯಾಗಿ ಹೊರಟುಹೋಗುವ ವಾಹಕ ದ್ರವ. ಮೊದಲಿನ ಎರಡು ಮಾದರಿಯ ಮೇಲೆ ಉಳಿಯುತ್ತವೆ. ಮೂರನೆಯದು ಎಲ್ಲಿಗೆ ಹೋಗುತ್ತದೆ? ಕೋಣೆಯ ಗಾಳಿಗೆ, ಅಲ್ಲಿಂದ ನಮ್ಮ ಶ್ವಾಸಕೋಶಕ್ಕೆ. ಕುಂಚದಿಂದ ಬಳಿಯುವವನ ಆರೋಗ್ಯದ ದೃಷ್ಟಿಯಿಂದ ಬಣ್ಣದ ಗುಣದೋಷಗಳು ಬಹುಮಟ್ಟಿಗೆ ಈ ಮೂರನೆಯ ಅಂಗವನ್ನೇ ಅವಲಂಬಿಸಿವೆ.

ಹಿಂದಿನ ತಲೆಮಾರಿನ ಹವ್ಯಾಸಿಗಳು ಪುಟ್ಟ ತಗಡಿನ ಡಬ್ಬಿಗಳಲ್ಲಿ ಬರುತ್ತಿದ್ದ ಎನಾಮಲ್ ಬಣ್ಣಗಳನ್ನು ಬಳಸುತ್ತಿದ್ದರು. ಇವು ಇಂದಿಗೂ ದೊರೆಯುತ್ತವೆ. ಇವುಗಳ ವಾಹಕವು ಪೆಟ್ರೋಲಿಯಮ್ ಮೂಲದ ಸ್ಪಿರಿಟ್. ಇವು ನಿಧಾನವಾಗಿ ಆರುತ್ತವೆ; ಅಷ್ಟು ಹೊತ್ತೂ ವಾಸನೆಯು ಮನೆಯಲ್ಲಿ ನಿಲ್ಲುತ್ತದೆ; ಕುಂಚವನ್ನು ತೊಳೆಯುವುದಕ್ಕೂ ಸ್ಪಿರಿಟ್ ಅಥವಾ ಟರ್ಪೆಂಟೈನ್ ಬೇಕಾಗುತ್ತದೆ. ಮತ್ತೊಂದು ಬಗೆ ಲ್ಯಾಕರ್. ಇದು ಕ್ಷಣಮಾತ್ರದಲ್ಲಿ ಆರಿ ಗಟ್ಟಿಯಾಗುತ್ತದೆ. ಆದರೆ ಇದರ ದ್ರಾವಕಗಳು ಬಲು ತೀಕ್ಷ್ಣ. ಮುಚ್ಚಿದ ಕೋಣೆಯಲ್ಲಿ ಅವುಗಳ ಆವಿಯಿಂದ ತಲೆನೋವು, ತಲೆಸುತ್ತು, ಕಣ್ಣುರಿ ಉಂಟಾಗುತ್ತವೆ. ದೀರ್ಘಕಾಲದ ಸೇವನೆಯು ನರಮಂಡಲಕ್ಕೂ ಯಕೃತ್ತಿಗೂ ಹಾನಿಕರ.

ಮೂರನೆಯ ಬಗೆಯೇ ಅಕ್ರಿಲಿಕ್. ಜರ್ಮನಿಯ ಓಟ್ಟೋ ರೋಮ್ ಎಂಬ ರಸಾಯನಶಾಸ್ತ್ರಜ್ಞನು 1901ರಲ್ಲಿ ತನ್ನ ಡಾಕ್ಟರೇಟ್ ಪ್ರಬಂಧದಲ್ಲಿ ಅಕ್ರಿಲಿಕ್ ಆಮ್ಲದ ಸಂಯುಕ್ತಗಳನ್ನು ಅಭ್ಯಸಿಸಿದ್ದನು. ಅಕ್ರಿಲಿಕ್ ರಾಳವನ್ನು ಅತಿ ಸೂಕ್ಷ್ಮ ಕಣಗಳಾಗಿ ನೀರಿನಲ್ಲಿ ತೇಲಿಸಿ ಬಣ್ಣ ತಯಾರಿಸುವ ಕಲೆ ಕೈಗೂಡಲು ಅರ್ಧ ಶತಮಾನ ಬೇಕಾಯಿತು. 1955ರಲ್ಲಿ ಅಮೆರಿಕದಲ್ಲಿ ‘ಲಿಕ್ವಿಟೆಕ್ಸ್’ ಎಂಬ ಹೆಸರಿನ, ನೀರಿನಲ್ಲಿ ಕಲಸಬಹುದಾದ ಅಕ್ರಿಲಿಕ್ ಸಾಮಗ್ರಿಯು ಕಲಾವಿದರ ಕೈಗೆ ಬಂದಿತು. ಇದರ ಕೆಲಸದ ರೀತಿಯು ಸರಳ. ನೀರು ಆವಿಯಾಗುತ್ತ ಹೋದಂತೆ ರಾಳದ ಕಣಗಳು ಒತ್ತೊತ್ತಾಗಿ ಸೇರಿ, ಒಂದರೊಳಗೊಂದು ಬೆಸೆದುಕೊಂಡು, ತೆಳುವಾದ ಪೊರೆಯಾಗುತ್ತವೆ. ಒಮ್ಮೆ ಆ ಪೊರೆ ಕಟ್ಟಿದ ಮೇಲೆ ಮತ್ತೆ ನೀರು ಹಾಕಿದರೂ ಅದು ಕರಗುವುದಿಲ್ಲ.

ಒಂದೇ ಹೆಸರು, ಮೂರು ಬಗೆ

ಅನೇಕರು ಎಡವುವುದು ಇಲ್ಲಿಯೇ. ‘ಅಕ್ರಿಲಿಕ್’ ಎಂಬ ಪದವು ಬಂಧಕದ ಹೆಸರು. ವಾಹಕವು ಯಾವುದೆಂಬುದನ್ನು ಅದು ಹೇಳುವುದಿಲ್ಲ. ಆದ್ದರಿಂದ ಅಂಗಡಿಯಲ್ಲಿ ಅಕ್ರಿಲಿಕ್ ಎಂದು ಕೇಳಿ ತಂದ ಮಾತ್ರಕ್ಕೆ ಅದು ನೀರಿನ ಬಣ್ಣವೆಂದು ಭಾವಿಸಕೂಡದು.

ಮೊದಲನೆಯ ಬಗೆಯಲ್ಲಿ ವಾಹಕವು ಮುಖ್ಯವಾಗಿ ನೀರು. 1965ರಲ್ಲಿ ಸ್ಥಾಪಿತವಾಗಿ ಈಗ ಸ್ಪೇನ್ ದೇಶದಲ್ಲಿರುವ ವಯೆಹೊ ಸಂಸ್ಥೆಯ ‘ಮಾಡೆಲ್ ಕಲರ್’ ಬಣ್ಣಗಳು ಇದಕ್ಕೆ ನಿದರ್ಶನ. ಹನಿ ಹನಿಯಾಗಿ ಬೀಳುವ ಮೂತಿಯ ಪುಟ್ಟ ಬಾಟಲಿಗಳಲ್ಲಿ ಬರುವ ಇವುಗಳಲ್ಲಿ ವಾಸನೆಯು ಅತ್ಯಲ್ಪ. ಕುಂಚದಿಂದ ಬಳಿಯುವುದಕ್ಕೆ ಇವು ಬಹಳ ಅನುಕೂಲ.

ಎರಡನೆಯ ಬಗೆಯಲ್ಲಿ ನೀರಿನೊಡನೆ ಆಲ್ಕೋಹಾಲ್ ಮತ್ತು ಗ್ಲೈಕಾಲ್ ಈಥರ್‌ಗಳೂ ಇರುತ್ತವೆ. ಟಮಿಯಾ ಸಂಸ್ಥೆಯ 10 ಮತ್ತು 23 ಮಿಲಿಲೀಟರಿನ ಗಾಜಿನ ಬಾಟಲಿಗಳ ಅಕ್ರಿಲಿಕ್ ಬಣ್ಣಗಳು ಈ ಗುಂಪಿನವು. ಇವುಗಳಲ್ಲಿ ‘ಎಕ್ಸ್’ ಎಂದು ಆರಂಭವಾಗುವ ಸಂಖ್ಯೆಗಳು ಬಹುಮಟ್ಟಿಗೆ ಹೊಳಪಿನ ಬಣ್ಣಗಳು. ‘ಎಕ್ಸ್‌ಎಫ್’ ಎಂದು ಆರಂಭವಾಗುವವು ಹೊಳಪಿಲ್ಲದವು. ಇವನ್ನು ನೀರಿನಿಂದ ತೊಳೆಯಬಹುದಾದರೂ ತೆಳುಮಾಡಲು ಅದೇ ಸಂಸ್ಥೆಯ ಎಕ್ಸ್-20ಎ ಥಿನ್ನರ್ ಹೆಚ್ಚು ಸೂಕ್ತ. ಏರ್‌ಬ್ರಷ್‌ನಿಂದ ಸಿಂಪಡಿಸುವವರಿಗೆ ಇವು ಅಚ್ಚುಮೆಚ್ಚು. ಕುಂಚದಿಂದ ಬಳಿಯುವಾಗ ಬೇಗನೆ ಆರುವುದರಿಂದ ಎರಡನೆಯ ಎಳೆತವು ಮೊದಲಿನದನ್ನು ಎಬ್ಬಿಸುವ ಸಂಭವವುಂಟು.

ಮೂರನೆಯ ಬಗೆಯು ಹೆಸರಿಗೆ ಅಕ್ರಿಲಿಕ್, ನಡತೆಯಲ್ಲಿ ಲ್ಯಾಕರ್. ಜಪಾನಿನ ‘ಮಿಸ್ಟರ್ ಕಲರ್’ ಬಣ್ಣಗಳ ಬಂಧಕವು ಅಕ್ರಿಲಿಕ್ ರಾಳವೇ ಆಗಿದ್ದರೂ ಅದನ್ನು ಕರಗಿಸಿರುವುದು ತೀಕ್ಷ್ಣ ದ್ರಾವಕಗಳಲ್ಲಿ. ಅದೇ ತಯಾರಕರ ‘ಆಕ್ವಿಯಸ್ ಹಾಬಿ ಕಲರ್’ ಎಂಬ ಇನ್ನೊಂದು ಶ್ರೇಣಿಯು ನೀರಿನೊಡನೆ ಬೆರೆಯುವಂತಹುದು. ಹಾಗೆಯೇ ಟಮಿಯಾದ ಬಾಟಲಿಯ ಅಕ್ರಿಲಿಕ್ ಬೇರೆ, ಅದೇ ಹೆಸರು ಹೊತ್ತು ಡಬ್ಬಿಯಲ್ಲಿ ಬರುವ ‘ಟಿಎಸ್’ ಶ್ರೇಣಿಯ ಸ್ಪ್ರೇ ಬೇರೆ, ಎರಡನೆಯದು ಲ್ಯಾಕರ್. ಸಂಸ್ಥೆಯ ಹೆಸರನ್ನು ನೋಡಿ ಕೊಳ್ಳುವುದಕ್ಕಿಂತ ಶ್ರೇಣಿಯ ಹೆಸರನ್ನು ಓದಿ ಕೊಳ್ಳುವುದು ಕ್ಷೇಮ.

ಗುರುತಿಸುವ ಸುಲಭೋಪಾಯವೂ ಇದೆ. ಈ ಬಣ್ಣವನ್ನು ಯಾವುದರಿಂದ ತೆಳುಮಾಡಬೇಕು, ಕುಂಚವನ್ನು ಯಾವುದರಿಂದ ತೊಳೆಯಬೇಕು ಎಂದು ಲೇಬಲ್ ಹೇಳುತ್ತದೆಯೋ ನೋಡಿ. ನೀರು ಎಂದಿದ್ದರೆ ಒಂದು ಹೆಜ್ಜೆ ನೆಮ್ಮದಿ. ಜ್ವಾಲೆಯ ಚಿಹ್ನೆ ಇದ್ದರೆ ಅದು ಉರಿಯುವ ದ್ರಾವಕದ ಎಚ್ಚರಿಕೆ. ಮುಚ್ಚಳ ತೆರೆದು ಮೂಗಿಗೆ ಹಿಡಿದು ಪರೀಕ್ಷಿಸುವ ಅಭ್ಯಾಸ ಮಾತ್ರ ಸರ್ವಥಾ ಬೇಡ.

ನಮ್ಮ ದೇಶದಲ್ಲೇ ತಯಾರಾಗುವ ಕ್ಯಾಮ್ಲಿನ್ ಕಲಾವಿದರ ಅಕ್ರಿಲಿಕ್, ಬಟ್ಟೆ ಮತ್ತು ಕರಕುಶಲದ ಕೆಲಸಕ್ಕಾಗಿ ಬರುವ ಫೆವಿಕ್ರಿಲ್ ಮುಂತಾದವುಗಳನ್ನು ಕಿಟ್‌ಗಳಿಗೆ ಬಳಸಬಹುದೇ ಎಂದು ಹಲವರು ಕೇಳುತ್ತಾರೆ. ಬಳಸಬಹುದು. ಇವು ನೀರಿನ ವಾಹಕದವು, ಯಾವ ಬಡಾವಣೆಯ ಪುಸ್ತಕದಂಗಡಿಯಲ್ಲಾದರೂ ಸಿಗುತ್ತವೆ, ಬೆಲೆಯೂ ಕಡಿಮೆ. ಆದರೆ ಇವು ಕ್ಯಾನ್ವಾಸ್ ಹಾಗೂ ಬಟ್ಟೆಗಾಗಿ ತಯಾರಾದವು. ಆದ್ದರಿಂದ ಮಂದವಾಗಿರುತ್ತವೆ, ನಯವಾದ ಪ್ಲಾಸ್ಟಿಕ್ಕನ್ನು ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಮೊದಲು ಪ್ರೈಮರ್ ಹಚ್ಚಿ, ಬಣ್ಣವನ್ನು ಚೆನ್ನಾಗಿ ತೆಳುಮಾಡಿ ಬಳಿದರೆ, ಕಲಿಯುವ ಮಗುವಿನ ಮೊದಲ ಎರಡು ಮೂರು ಮಾದರಿಗಳಿಗೆ ಧಾರಾಳವಾಗಿ ಸಾಕು.

ನೀರಿನ ಬಣ್ಣವೂ ನಿರಪಾಯವೆಂದಲ್ಲ

ವಾಹಕವು ನೀರಾಗಿದ್ದರೂ ಉಳಿದ ಎರಡು ಅಂಗಗಳ ವಿಚಾರವನ್ನು ಮರೆಯಬಾರದು. ಕಲಾವಿದರ ಬಣ್ಣಗಳಲ್ಲಿ ಕೆಲವು ಕೆಂಪು, ಕಿತ್ತಳೆ ಮತ್ತು ಹಳದಿಗಳು ಕ್ಯಾಡ್ಮಿಯಮ್ ಎಂಬ ಲೋಹದ ಸಂಯುಕ್ತಗಳಿಂದ ತಯಾರಾಗುತ್ತವೆ. ಕ್ಯಾಡ್ಮಿಯಮ್ ಮತ್ತು ಅದರ ಸಂಯುಕ್ತಗಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲನೆಯ ವರ್ಗದಲ್ಲಿ ಸೇರಿಸಿದೆ. ಹಸಿಯಾಗಿ ಕುಂಚದಿಂದ ಬಳಿಯುವಾಗ ಅಪಾಯವು ಅಲ್ಪ. ಅದನ್ನು ಸಿಂಪಡಿಸಿದಾಗ ಅಥವಾ ಒಣಗಿದ ಮೇಲೆ ಉಜ್ಜಿ ಧೂಳೆಬ್ಬಿಸಿದಾಗ ಅದು ಶ್ವಾಸಕೋಶವನ್ನು ಸೇರುತ್ತದೆ. ಹೆಸರಿನ ಕೊನೆಯಲ್ಲಿ ‘ಹ್ಯೂ’ ಎಂದು ಬರೆದಿರುವ ಬಣ್ಣಗಳಲ್ಲಿ ಸಾಮಾನ್ಯವಾಗಿ ಆ ಲೋಹದ ಬದಲು ಬೇರೆ ವರ್ಣದ್ರವ್ಯವಿರುತ್ತದೆ. ಮಕ್ಕಳ ಕೈಗೆ ಕೊಡಬೇಕಾದುದು ಅಂತಹವನ್ನೇ.

ಸೀಸದ ಬಗ್ಗೆಯೂ ಒಂದು ಮಾತು. ಭಾರತ ಸರ್ಕಾರವು 2016ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ಮನೆಬಳಕೆಯ ಮತ್ತು ಅಲಂಕಾರದ ಪೇಂಟುಗಳಲ್ಲಿ ಸೀಸದ ಪ್ರಮಾಣವು ಹತ್ತು ಲಕ್ಷದಲ್ಲಿ 90 ಭಾಗಗಳನ್ನು ಮೀರಕೂಡದು. ಈ ಮಿತಿಯು 2017ರ ನವೆಂಬರ್ 1ರಿಂದ ಜಾರಿಗೆ ಬಂದಿದೆ. ಆದರೆ ಅಟ್ಟದ ಮೇಲೆ ಉಳಿದಿರಬಹುದಾದ ಹಳೆಯ ಡಬ್ಬಿಗಳಿಗೆ ಇದರ ರಕ್ಷಣೆಯಿಲ್ಲ. ತಾತನ ಕಾಲದ ಎನಾಮಲ್ ಡಬ್ಬಿಯನ್ನು ಮಿತವ್ಯಯದ ಹೆಸರಿನಲ್ಲಿ ಮೊಮ್ಮಗನಿಗೆ ಕೊಡುವುದು ಉಳಿತಾಯವೆನಿಸಲಾರದು.

ನೀರಿರುವಲ್ಲಿ ಬೂಷ್ಟು ಬೆಳೆಯುವುದರಿಂದ ನೀರಿನ ಬಣ್ಣಗಳಿಗೆ ಸಂರಕ್ಷಕ ರಾಸಾಯನಿಕಗಳನ್ನು ಸೇರಿಸಿರುತ್ತಾರೆ. ಐಸೋಥಯಜೋಲಿನೋನ್ ಎಂಬ ಗುಂಪಿಗೆ ಸೇರಿದ ಇವು ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಬೆರಳ ಸಂದಿಯಲ್ಲಿ ತುರಿಕೆ, ಕೆಂಪು ಬೊಕ್ಕೆ ಕಂಡುಬಂದರೆ ಕೈಗವಸು ಧರಿಸಬೇಕು ಅಥವಾ ಬಣ್ಣದ ಬ್ರಾಂಡನ್ನು ಬದಲಿಸಬೇಕು. ಕಡಿಮೆಯಾಗದಿದ್ದಲ್ಲಿ ಚರ್ಮವೈದ್ಯರನ್ನು ಕಾಣಬೇಕು.

ಖರೀದಿಯ ಲೆಕ್ಕ

ಅಂಗಡಿಯಲ್ಲಿ ಇಪ್ಪತ್ತನಾಲ್ಕು ಬಾಟಲಿಗಳ ಪೆಟ್ಟಿಗೆಯನ್ನು ನೋಡಿದಾಗ ಮನಸ್ಸು ಚಂಚಲವಾಗುವುದು ಸಹಜ. ಕೊಳ್ಳುವ ಮೊದಲು ಸ್ವಲ್ಪ ಗಣಿತ ಮಾಡೋಣ. ಸ್ಪಿಟ್‌ಫೈರ್ ವಿಮಾನದ ರೆಕ್ಕೆಗಳ ವಿಸ್ತೀರ್ಣ ಸುಮಾರು 22.5 ಚದರ ಮೀಟರ್. 1/72ರ ಅಳತೆಯಲ್ಲಿ ಇದನ್ನು 72ರಿಂದ ಎರಡು ಬಾರಿ ಭಾಗಿಸಿದರೆ ಸುಮಾರು 43 ಚದರ ಸೆಂಟಿಮೀಟರ್. ಮೇಲುಭಾಗ, ಕೆಳಭಾಗ, ಒಡಲು, ಬಾಲ ಎಲ್ಲವನ್ನೂ ಸೇರಿಸಿ ಒಟ್ಟು ಮೇಲ್ಮೈ 200 ಚದರ ಸೆಂಟಿಮೀಟರ್ ಎಂದು ಉದಾರವಾಗಿಯೇ ಇಟ್ಟುಕೊಳ್ಳೋಣ. ಹಸಿ ಲೇಪದ ದಪ್ಪ 0.03 ಮಿಲಿಮೀಟರ್ ಆದರೆ ಒಂದು ಲೇಪಕ್ಕೆ ಬೇಕಾದ ಬಣ್ಣ 0.6 ಮಿಲಿಲೀಟರ್. ಮೂರು ಲೇಪಗಳಿಗೆ 1.8 ಮಿಲಿಲೀಟರ್. ಕುಂಚದಲ್ಲೂ ತಟ್ಟೆಯಲ್ಲೂ ವ್ಯರ್ಥವಾಗುವುದನ್ನು ಕೂಡಿಸಿದರೂ ಮೂರನ್ನು ಮೀರದು. ಅಂದರೆ 10 ಮಿಲಿಲೀಟರಿನ ಒಂದು ಬಾಟಲಿಯು ಮೂರು ವಿಮಾನಗಳಿಗೆ ಸಾಕು. ತೆರೆದ ಬಾಟಲಿಯು ಕಾಲಕ್ರಮದಲ್ಲಿ ಗಟ್ಟಿಯಾಗುತ್ತದೆ. ಬಳಸದ ಬಣ್ಣದಲ್ಲಿ ತೊಡಗಿಸಿದ ಹಣಕ್ಕೆ ಬಡ್ಡಿಯೂ ಇಲ್ಲ, ಅಸಲೂ ಇಲ್ಲ.

ಆದ್ದರಿಂದ ಆರಂಭದಲ್ಲಿ ಬಿಳಿ, ಕಪ್ಪು, ಕೆಂಪು, ಹಳದಿ, ನೀಲಿ ಇವುಗಳ ಜೊತೆಗೆ ಕಿಟ್‌ನ ಸೂಚನಾಪತ್ರದಲ್ಲಿ ಮುಖ್ಯವಾಗಿ ಹೇಳಿರುವ ಒಂದೆರಡು ಬಣ್ಣಗಳು ಸಾಕು. ಬಾಟಲಿಯ ಬೆಲೆಗಿಂತ ಒಂದು ಮಿಲಿಲೀಟರಿನ ಬೆಲೆಯನ್ನು ಹೋಲಿಸಿ ನೋಡಿ. ಉಳಿದ ಹಣದಲ್ಲಿ ಒಳ್ಳೆಯ ಕುಂಚಗಳನ್ನು ಕೊಳ್ಳಿ. ಒಂದು ಚಪ್ಪಟೆಯಾದುದು, ಒಂದು ಮಧ್ಯಮ ಗಾತ್ರದ ದುಂಡನೆಯದು, ಒಂದು ಸೂಜಿಯಂತೆ ಮೊನಚಾದುದು, ಇಷ್ಟಾದರೆ ಸಾಕು.

ಬಳಿಯುವ ಕ್ರಮ

ಬಿಡಿಭಾಗಗಳು ಅಚ್ಚಿನಿಂದ ಸುಲಭವಾಗಿ ಬಿಟ್ಟುಬರಲೆಂದು ಬಳಸಿದ ಜಿಡ್ಡು ಅವುಗಳ ಮೇಲೆ ಉಳಿದಿರಬಹುದು. ನಮ್ಮ ಬೆರಳಿನ ಎಣ್ಣೆಯೂ ಸೇರುತ್ತದೆ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸಾಬೂನನ್ನು ಬೆರೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೊಳೆದು, ನೆರಳಿನಲ್ಲಿ ಒಣಗಿಸಬೇಕು. ಈ ಒಂದು ಕೆಲಸವನ್ನು ಬಿಟ್ಟದ್ದರಿಂದಲೇ ಎಷ್ಟೋ ಬಾರಿ ಬಣ್ಣವು ಸಿಪ್ಪೆಯಂತೆ ಏಳುತ್ತದೆ. ಅನಂತರ ಕುಂಚದಿಂದ ಹಚ್ಚಬಹುದಾದ, ನೀರಿನ ವಾಹಕದ ಪ್ರೈಮರನ್ನು ಒಂದು ತೆಳುಲೇಪ ಕೊಡಬೇಕು. ಡಬ್ಬಿಯಿಂದ ಸಿಂಪಡಿಸುವ ಪ್ರೈಮರ್‌ಗಳು ಬಹುತೇಕ ಲ್ಯಾಕರ್ ಜಾತಿಯವು ಎಂಬುದನ್ನು ಇಲ್ಲಿ ನೆನಪಿಡಬೇಕು.

ಬಣ್ಣವನ್ನು ಬಾಟಲಿಯಿಂದ ನೇರವಾಗಿ ಬಳಿಯಬಾರದು. ಕೆಲವು ಹನಿಗಳನ್ನು ತಟ್ಟೆಗೆ ಹಾಕಿಕೊಂಡು, ಬಟ್ಟಿ ಇಳಿಸಿದ ನೀರನ್ನು ಹನಿ ಹನಿಯಾಗಿ ಸೇರಿಸುತ್ತ, ಕೆನೆ ತೆಗೆದ ಹಾಲಿನ ಹದಕ್ಕೆ ತರಬೇಕು. ನೀರಿನ ವಾಹಕದ ಬಣ್ಣಕ್ಕೆ ಆಲ್ಕೋಹಾಲ್ ಇರುವ ಥಿನ್ನರನ್ನು ಸೇರಿಸಿದರೆ ಅದು ಹಾಲು ಒಡೆದಂತೆ ಒಡೆಯುವ ಸಂಭವವಿದೆ. ಎರಡು ಬಗೆಯ ಬಣ್ಣಗಳನ್ನು ಒಂದಕ್ಕೊಂದು ಬೆರೆಸುವುದೂ ಬೇಡ.

ಲೇಪವು ಏಕೆ ತೆಳುವಾಗಿರಬೇಕು? ಇದಕ್ಕೂ ಗಣಿತವೇ ಉತ್ತರ. 1/72ರ ಮಾದರಿಯ ಮೇಲೆ 0.1 ಮಿಲಿಮೀಟರ್ ದಪ್ಪದ ಬಣ್ಣವು ನಿಜವಾದ ವಿಮಾನದ ಮೇಲೆ 7 ಮಿಲಿಮೀಟರಿಗೂ ಹೆಚ್ಚು ದಪ್ಪದ ಗಾರೆಯನ್ನು ಮೆತ್ತಿದಂತೆ. ತಗಡುಗಳ ಸಂದುಗೆರೆಗಳು, ಮೊಳೆಯ ಗುರುತುಗಳು ಎಲ್ಲವೂ ಮುಚ್ಚಿಹೋಗುತ್ತವೆ. ಒಂದೇ ದಿಕ್ಕಿನಲ್ಲಿ ಕುಂಚವನ್ನೆಳೆದು, ಅರ್ಧ ಆರಿದ ಜಾಗಕ್ಕೆ ಮತ್ತೆ ಕೈಹಾಕದೆ, ಪೂರ್ಣ ಒಣಗಿದ ಮೇಲೆ ಎರಡನೆಯ ಲೇಪವನ್ನು ಅಡ್ಡದಿಕ್ಕಿನಲ್ಲಿ ಕೊಡಬೇಕು. ಮೊದಲ ಲೇಪವು ಮಸುಕಾಗಿ, ಪಟ್ಟೆಪಟ್ಟೆಯಾಗಿ ಕಾಣುವುದು ಸ್ವಾಭಾವಿಕ. ಮೂರನೆಯದಕ್ಕೆ ಅದು ಸಮನಾಗುತ್ತದೆ.

ಹವೆಯ ಪರಿಣಾಮವೂ ಉಂಟು. ಮುಂಬಯಿ, ಚೆನ್ನೈಗಳ ಮಳೆಗಾಲದಲ್ಲಿ ಗಾಳಿಯೇ ನೀರಿನಿಂದ ತುಂಬಿರುವುದರಿಂದ ಬಣ್ಣವು ಆರಲು ಹೆಚ್ಚು ಸಮಯ ಬೇಕು. ದೆಹಲಿಯ ಬೇಸಿಗೆಯಲ್ಲಿ ಅದು ಕುಂಚದ ತುದಿಯಲ್ಲೇ ಒಣಗುತ್ತದೆ. ಆಗ ಆರುವಿಕೆಯನ್ನು ನಿಧಾನಗೊಳಿಸುವ ರಿಟಾರ್ಡರ್ ಎಂಬ ದ್ರವದ ಒಂದೆರಡು ಹನಿ ಸಹಾಯಕ. ಉತ್ತರದ ಚಳಿಗಾಲದಲ್ಲಿ ಕೋಣೆಯ ಉಷ್ಣಾಂಶವು 10 ಡಿಗ್ರಿಗಿಂತ ಕೆಳಗಿಳಿದರೆ ರಾಳದ ಕಣಗಳು ಸರಿಯಾಗಿ ಬೆಸೆಯುವುದಿಲ್ಲ. ಹಗಲಿನ ವೇಳೆಯಲ್ಲಿ ಬಳಿಯುವುದು ಲೇಸು. ಮುಟ್ಟಿದರೆ ಅಂಟದಷ್ಟು ಒಣಗಲು ಅರ್ಧಗಂಟೆ ಸಾಕಾದರೂ, ಮೇಲೆ ಟೇಪು ಅಂಟಿಸುವ ಮುನ್ನ ಒಂದು ಇಡೀ ದಿನ ಕಾಯಬೇಕು. ಕೊನೆಯಲ್ಲಿ ಲಾಂಛನಗಳ ಚಿತ್ರಪಟಗಳನ್ನು ಅಂಟಿಸಿ, ನೀರಿನ ವಾಹಕದ ವಾರ್ನಿಷ್ ಲೇಪಿಸಿದರೆ ಕೆಲಸ ಮುಗಿಯಿತು.

ಸಿಂಪಡಣೆಯ ವಿಚಾರ

ಕುಂಚದಿಂದ ಬಳಿದಾಗ ವಾಹಕವೊಂದೇ ಗಾಳಿಗೆ ಹೋಗುತ್ತದೆ. ಏರ್‌ಬ್ರಷ್‌ನಿಂದ ಸಿಂಪಡಿಸಿದಾಗ ಬಣ್ಣದ ಮೂರು ಅಂಗಗಳೂ ಮಂಜಿನಂತೆ ಗಾಳಿಯಲ್ಲಿ ತೇಲುತ್ತವೆ. ಮನುಷ್ಯನ ಕೂದಲಿನ ದಪ್ಪ ಸುಮಾರು 70 ಮೈಕ್ರಾನ್. 10 ಮೈಕ್ರಾನ್‌ಗಿಂತ ಚಿಕ್ಕ ಹನಿಗಳು ಮೂಗಿನ ಕಾವಲನ್ನು ದಾಟಿ ಎದೆಯೊಳಕ್ಕೆ ಇಳಿಯಬಲ್ಲವು. ಅಲ್ಲಿ ಒಣಗಿದ ರಾಳವು ನೀರಿಗೆ ಕರಗುವಂತಹುದಲ್ಲವೆಂದು ಮೇಲೆಯೇ ನೋಡಿದೆವು. ಆದಕಾರಣ ನೀರಿನ ಬಣ್ಣವಾದರೂ ಮುಖವಾಡವಿಲ್ಲದೆ ಸಿಂಪಡಿಸಬಾರದು.

ಎನ್-95 ಮುಖವಾಡವು ಕಣಗಳನ್ನು ತಡೆಯುತ್ತದೆ, ಆದರೆ ದ್ರಾವಕದ ಆವಿಯನ್ನು ತಡೆಯುವುದಿಲ್ಲ. ಆವಿಗೆ ಇದ್ದಿಲು ತುಂಬಿದ ಕಾರ್ಟ್ರಿಡ್ಜ್ ಇರುವ ಶ್ವಾಸಕವಚವೇ ಬೇಕು. ಕರವಸ್ತ್ರವನ್ನು ಕಟ್ಟಿಕೊಂಡರೆ ಎರಡರಿಂದಲೂ ರಕ್ಷಣೆಯಿಲ್ಲ. ತಲೆಯ ಮೇಲಿನ ಫ್ಯಾನು ಕೆಟ್ಟ ಗಾಳಿಯನ್ನು ಮನೆಯೊಳಗೇ ಸುತ್ತಿಸುತ್ತದೆಯೇ ವಿನಾ ಹೊರಹಾಕುವುದಿಲ್ಲ. ಕಿಟಕಿಯ ಮೂಲಕ ಗಾಳಿಯನ್ನು ಹೊರದೂಡುವ ಏರ್ಪಾಡು ಇಲ್ಲದ ಮನೆಯಲ್ಲಿ ಏರ್‌ಬ್ರಷ್ ಬಾರದಿರುವುದೇ ಒಳಿತು.

ಬೆಂಕಿಯ ಭಯವೂ ಇದೆ. ಥಿನ್ನರ್‌ನಲ್ಲಿರುವ ಐಸೋಪ್ರೊಪೈಲ್ ಆಲ್ಕೋಹಾಲಿನ ಆವಿಯು ಸುಮಾರು 12 ಡಿಗ್ರಿ ಉಷ್ಣಾಂಶದಲ್ಲಿಯೇ ಹತ್ತಿಕೊಳ್ಳಬಲ್ಲದು. ನಮ್ಮ ಕೋಣೆಗಳ ಉಷ್ಣಾಂಶ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚೇ. ಆ ಆವಿಯು ಗಾಳಿಗಿಂತ ಭಾರವಾದುದರಿಂದ ನೆಲದ ಮಟ್ಟದಲ್ಲಿ ಹರಡುತ್ತದೆ. ದೇವರ ದೀಪ, ಊದುಬತ್ತಿ, ಗ್ಯಾಸ್ ಒಲೆ ಉರಿಯುತ್ತಿರುವಾಗ ಅದೇ ಕೋಣೆಯಲ್ಲಿ ಈ ಕೆಲಸ ಸಲ್ಲದು. ಥಿನ್ನರನ್ನು ತಂಪುಪಾನೀಯದ ಖಾಲಿ ಬಾಟಲಿಗೆ ಸುರಿದಿಡುವ ಅಭ್ಯಾಸವು ಅದಕ್ಕಿಂತಲೂ ಅಪಾಯಕರ.

ಮಕ್ಕಳಿರುವ ಮನೆಯಲ್ಲಿ

ನಮ್ಮ ಕಟ್ಟಡದಲ್ಲಿರುವ ಕುಟುಂಬವೊಂದರ ಹನ್ನೆರಡು ವರ್ಷದ ಬಾಲಕನಿಗೆ ಉಬ್ಬಸದ ತೊಂದರೆಯಿದೆ. ಹುಟ್ಟುಹಬ್ಬಕ್ಕೆ ಸೋದರಮಾವನು ಒಂದು ವಿಮಾನದ ಕಿಟ್, ಎನಾಮಲ್ ಡಬ್ಬಿಗಳು ಮತ್ತು ಒಂದು ಸ್ಪ್ರೇ ಡಬ್ಬಿಯನ್ನು ತಂದುಕೊಟ್ಟಿದ್ದನು. ಬಣ್ಣ ಬಳಿದ ಮೊದಲ ರಾತ್ರಿಯೇ ಹುಡುಗನಿಗೆ ಉಸಿರು ಕಟ್ಟಿ, ಮನೆಯವರು ನಡುರಾತ್ರಿಯಲ್ಲಿ ವೈದ್ಯರ ಬಳಿಗೆ ಓಡಬೇಕಾಯಿತು. ತಾಯಿಯು ಪೆಟ್ಟಿಗೆಯನ್ನೇ ಹೊರಗೆಸೆಯಲು ನಿರ್ಧರಿಸಿದರು. ಹುಡುಗನು ಎರಡು ದಿನ ಯಾರೊಡನೆಯೂ ಮಾತನಾಡಲಿಲ್ಲ. ಅವನ ತಂದೆಯು ನನ್ನಲ್ಲಿ ವಿಚಾರಿಸಿದಾಗ, ಮೊದಲು ವೈದ್ಯರನ್ನು ಕೇಳಿರೆಂದು ಹೇಳಿದೆನು. ವೈದ್ಯರ ಒಪ್ಪಿಗೆಯ ಮೇರೆಗೆ ಎನಾಮಲ್ ಮತ್ತು ಸ್ಪ್ರೇ ಡಬ್ಬಿಗಳು ಮನೆಯಿಂದ ಹೊರಗೆ ಹೋದವು. ನೀರಿನ ವಾಹಕದ ನಾಲ್ಕು ಬಣ್ಣಗಳು ಒಳಗೆ ಬಂದವು. ತೆರೆದ ಕಿಟಕಿಯ ಬಳಿ, ಹಗಲಿನಲ್ಲಿ, ದಿನಕ್ಕೆ ಅರ್ಧಗಂಟೆ, ಕುಂಚದಿಂದ ಮಾತ್ರ, ಕೈಗೆಟುಕುವಲ್ಲಿ ಇನ್‌ಹೇಲರ್ ಇಟ್ಟುಕೊಂಡು ಕೆಲಸ ಮಾಡತಕ್ಕದ್ದೆಂದು ಗೊತ್ತಾಯಿತು. ಎರಡು ತಿಂಗಳಲ್ಲಿ ವಿಮಾನವು ಮುಗಿಯಿತು. ಉಬ್ಬಸವೇನೂ ಗುಣವಾಗಿಲ್ಲ, ಆದರೆ ಬಣ್ಣದ ಕಾರಣದಿಂದ ಮತ್ತೊಮ್ಮೆ ಕೆರಳಲೂ ಇಲ್ಲ. ಆ ತಾಯಿಯ ಭಯವು ಸಕಾರಣವಾಗಿತ್ತು. ಬಿಡಬೇಕಾಗಿದ್ದುದು ಬಣ್ಣದ ಬಗೆಯನ್ನು, ಹವ್ಯಾಸವನ್ನು ಬಿಡಬೇಕಾಗಿರಲಿಲ್ಲ. ಎಲ್ಲರ ದೇಹಪ್ರಕೃತಿಯೂ ಒಂದೇ ಆಗಿರುವುದಿಲ್ಲವಾದ್ದರಿಂದ, ಉಬ್ಬಸವುಳ್ಳವರೂ ಗರ್ಭಿಣಿಯರೂ ತಮ್ಮ ವೈದ್ಯರ ಸಲಹೆಯನ್ನು ಪಡೆದೇ ಮುಂದುವರಿಯಬೇಕು.

ಮಕ್ಕಳಿಗೆ ಕಲಿಸಬೇಕಾದ ಮೊದಲ ಪಾಠವೆಂದರೆ ಕುಂಚದ ತುದಿಯನ್ನು ತುಟಿಯಿಂದ ಚೂಪುಮಾಡಬಾರದು ಎಂಬುದು. ಅಮೆರಿಕದ ನ್ಯೂಜೆರ್ಸಿ ರಾಜ್ಯದ ಆರೆಂಜ್ ಎಂಬ ಊರಿನಲ್ಲಿ 1917ರ ಸುಮಾರಿಗೆ ಗಡಿಯಾರದ ಮುಖಗಳಿಗೆ ಕತ್ತಲೆಯಲ್ಲಿ ಹೊಳೆಯುವ ರೇಡಿಯಮ್ ಬಣ್ಣವನ್ನು ಬಳಿಯುತ್ತಿದ್ದ ಯುವತಿಯರು ಹೀಗೆಯೇ ಮಾಡುತ್ತಿದ್ದರು. ಅವರಲ್ಲಿ ಹಲವರು ದವಡೆಯ ಮೂಳೆ ಕೊಳೆತು ಅಕಾಲ ಮರಣಕ್ಕೆ ತುತ್ತಾದರು. ಅವರು ಹೂಡಿದ ಮೊಕದ್ದಮೆಯು 1928ರಲ್ಲಿ ರಾಜಿಯಲ್ಲಿ ಮುಗಿಯಿತು. ನಮ್ಮ ಬಣ್ಣದಲ್ಲಿ ರೇಡಿಯಮ್ ಇಲ್ಲವಾದರೂ, ಕುಂಚವನ್ನು ಬಾಯಿಗಿಡುವ ಅಭ್ಯಾಸವು ಯಾವ ಬಣ್ಣದೊಡನೆಯೂ ತರವಲ್ಲ.

ಬಣ್ಣ ಕಲಸಿದ ಬಟ್ಟಲು ಮತ್ತೆ ಅಡುಗೆಮನೆಗೆ ಹೋಗಬಾರದು. ಕೆಲಸದ ನಡುವೆ ತಿಂಡಿ, ಕಾಫಿ ಬೇಡ. ಒಣಗಿದ ಬಣ್ಣವನ್ನು ಉಜ್ಜಬೇಕಾದಾಗ ಮರಳುಕಾಗದವನ್ನು ನೀರಿನಲ್ಲಿ ಅದ್ದಿ ಉಜ್ಜಿದರೆ ಧೂಳೇಳದು. ಕುಂಚವನ್ನು ಮೊದಲು ಹಳೆಯ ಕಾಗದದಲ್ಲಿ ಒರೆಸಿ ಆಮೇಲೆ ತೊಳೆಯಬೇಕು. ಉಳಿದ ಬಣ್ಣವನ್ನು ಮೋರಿಗೆ ಸುರಿಯದೆ, ಒಣಗಲು ಬಿಟ್ಟು ಕಸಕ್ಕೆ ಹಾಕಬೇಕು. ಬಿಡಿಭಾಗಗಳನ್ನು ಬೆಸೆಯುವ ಅಂಟಿನಲ್ಲಿಯೂ ದ್ರಾವಕವಿರುವುದರಿಂದ ಗಾಳಿಯ ನಿಯಮವು ಅದಕ್ಕೂ ಅನ್ವಯಿಸುತ್ತದೆ. ಕಣ್ಣಿಗೆ ಬಣ್ಣ ಸಿಡಿದರೆ ಶುದ್ಧವಾದ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ನೇತ್ರವೈದ್ಯರ ಬಳಿಗೆ ಹೋಗಬೇಕು. ಥಿನ್ನರನ್ನು ಮಗು ನುಂಗಿದರೆ ವಾಂತಿ ಮಾಡಿಸಲು ಯತ್ನಿಸದೆ, ಬಾಟಲಿಯ ಸಮೇತ ಕೂಡಲೇ ಆಸ್ಪತ್ರೆಗೆ ಧಾವಿಸಬೇಕು. ಬಾಟಲಿಯ ಲೇಬಲ್ ಅಲ್ಲಿ ವೈದ್ಯರಿಗೆ ದಾರಿ ತೋರಿಸುತ್ತದೆ.

ನನ್ನ ವಯಸ್ಸಿನ ಹವ್ಯಾಸಿಗಳಿಗೊಂದು ಮಾತು. ನಲವತ್ತು ದಾಟಿದ ಮೇಲೆ ಹತ್ತಿರದ ದೃಷ್ಟಿ ಮಂದವಾಗುವುದು ಪ್ರಕೃತಿನಿಯಮ. ಎಡಗಡೆಯಿಂದ ಬೀಳುವ ಒಳ್ಳೆಯ ದೀಪ, ಓದುವ ಕನ್ನಡಕ, ಇಪ್ಪತ್ತು ನಿಮಿಷಕ್ಕೊಮ್ಮೆ ತಲೆಯೆತ್ತಿ ಕಿಟಕಿಯಾಚೆ ದೂರಕ್ಕೆ ದೃಷ್ಟಿ ಹಾಯಿಸುವುದು, ಇವುಗಳಿಂದ ಕಣ್ಣಿನ ಆಯಾಸವೂ ಕತ್ತಿನ ನೋವೂ ಬಹುಮಟ್ಟಿಗೆ ಕಡಿಮೆಯಾಗುತ್ತವೆ.

ಕೊನೆಯದಾಗಿ, ಇಡೀ ವಿಚಾರವನ್ನು ಮೂರು ಸಲಹೆಗಳಲ್ಲಿ ಸಂಗ್ರಹಿಸಬಹುದು. ‘ಅಕ್ರಿಲಿಕ್’ ಎಂಬ ಹೆಸರಿಗೆ ಮಾರುಹೋಗದೆ ಅದರ ವಾಹಕವು ಯಾವುದೆಂದು ಓದಿ ಕೊಳ್ಳಿ. ಚಿಕ್ಕ ಮನೆಯಲ್ಲಿ ನೀರಿನ ಬಣ್ಣವನ್ನು ಕುಂಚದಿಂದಲೇ ಬಳಿಯಿರಿ. ತೆಳುವಾಗಿ ಬಳಿದು, ಆರುವವರೆಗೆ ತಾಳ್ಮೆಯಿಂದ ಕಾಯಿರಿ. ಇಷ್ಟನ್ನು ಪಾಲಿಸಿದ ಮನೆಯಲ್ಲಿ ಕಿಟ್‌ನ ಪೆಟ್ಟಿಗೆಯನ್ನು ನಿಶ್ಚಿಂತೆಯಿಂದ ತೆರೆಯಬಹುದು.